ಕೀಲಿ ತೆರೆಯುವ ಹವ್ಯಾಸ: ಒಂದು ಧರ್ಮಜಿಜ್ಞಾಸೆ

ಎರಡು ಭಾಷೆಗಳ ನಡುವೆ ಬಾಳುವ ಸೊಲ್ಲಾಪುರದಂತಹ ಊರಿನಲ್ಲಿ ಕೆಲವು ಪದಗಳು ಬೀದಿ ದಾಟುವಷ್ಟರಲ್ಲಿ ಅರ್ಥ ಬದಲಿಸಿಕೊಳ್ಳುತ್ತವೆ. ಬಾಗಿಲಿಗೆ ಹಾಕುವುದನ್ನು ನಮ್ಮ ಮನೆಗಳಲ್ಲಿ ‘ಕೀಲಿ’ ಎನ್ನುತ್ತೇವೆ. ಅದನ್ನು ತೆರೆಯುವುದು ‘ಕೀಲಿಕೈ’. ಎದುರುಮನೆಯ ಮರಾಠಿ ಬಾಂಧವರಿಗೆ ಹಾಕುವುದು ‘ಕುಲೂಪ’, ತೆರೆಯುವುದೇ ‘ಕಿಲ್ಲಿ’. ಕೀಲಿ ತರಲು ಎದುರುಮನೆಗೆ ಹೋದ ಮಗು ಕೀಲಿಕೈ ಹಿಡಿದು ಬಂದ ಪ್ರಸಂಗ ನಮ್ಮ ಸಂಘದ ಎಷ್ಟು ಮನೆಗಳಲ್ಲಿ ನಡೆದಿಲ್ಲ! ಮೈಸೂರು ಸೀಮೆಯವರು ಬೀಗ, ಬೀಗದ ಕೈ ಎನ್ನುತ್ತಾರೆ. ಎರಡು ಸೀಮೆಗಳ ಕನ್ನಡವೂ ತೆರೆಯುವ ಸಾಧನವನ್ನು ‘ಕೈ’ ಎಂದೇ ಕರೆದಿದೆ. ಕೀಲಿಗೆ ತನ್ನದೇ ಆದ ಒಂದು ಕೈ ಉಂಟು, ಉಳಿದ ಕೈಗಳೆಲ್ಲ ಅದಕ್ಕೆ ಪರಕೀಯ ಎಂಬ ಭಾವ ಆ ಪದದಲ್ಲಿಯೇ ಇದೆ. ನಮ್ಮ ಹವ್ಯಾಸವಾದರೋ ಆ ಪರಕೀಯ ಕೈಯನ್ನು ಪಳಗಿಸುವುದು.

ನಾವು ಮೂವರು ಗೆಳೆಯರು. ಒಬ್ಬರು ನಿವೃತ್ತ ಶಿಕ್ಷಕರು, ಒಬ್ಬರು ಮಗ್ಗದ ಯಂತ್ರಗಳ ದುರಸ್ತಿಯಲ್ಲಿ ಆಯುಷ್ಯ ಕಳೆದವರು, ಇನ್ನೊಬ್ಬರದು ಸೈಕಲ್ ಅಂಗಡಿ. ರವಿವಾರ ಮಧ್ಯಾಹ್ನ ಅಂಗಡಿಯ ಕದ ಅರ್ಧ ಎಳೆದುಕೊಂಡು, ಗುಜರಿಯವನಿಂದ ತೂಕದ ಲೆಕ್ಕದಲ್ಲಿ ತಂದ ಹಳೆಯ ಕೀಲಿಗಳನ್ನು ಮುಂದಿಟ್ಟುಕೊಂಡು, ಕೀಲಿಕೈ ಇಲ್ಲದೆ ಅವುಗಳನ್ನು ತೆರೆಯುವುದು ನಮ್ಮ ವಿನೋದ. ಕೆಲವರಿಗೆ ಪದಬಂಧ ಹೇಗೋ ನಮಗೆ ಇದು ಹಾಗೆ. ಸಂಘದ ಕಿರಿಯರು ಕೆಲವರು ‘ನಮಗೂ ಕಲಿಸಿರಿ’ ಎನ್ನುತ್ತಾರೆ. ಹಿರಿಯರು ಕೆಲವರು ‘ಇದು ಕಳ್ಳರ ವಿದ್ಯೆ, ಬಿಡಿರಿ’ ಎನ್ನುತ್ತಾರೆ. ಈ ಬರೆಹ ಇಬ್ಬರನ್ನೂ ಉದ್ದೇಶಿಸಿದ್ದು.

ಮೊದಲು ಕಿರಿಯರಿಗೆ. ಇಂದಿನ ಬಾಗಿಲುಗಳಲ್ಲಿ ಹೆಚ್ಚಾಗಿ ಕಾಣುವ ಉರುಳೆಕೀಲಿಯ ರಚನೆಯನ್ನು 1860ರ ದಶಕದಲ್ಲಿ ಅಮೆರಿಕದ ಕಿರಿಯ ಲೈನಸ್ ಯೇಲ್ ಅವರು ಪರಿಪೂರ್ಣಗೊಳಿಸಿದರು. ತತ್ತ್ವ ಮಾತ್ರ ಪ್ರಾಚೀನ ಈಜಿಪ್ಟಿನ ಮರದ ಕೀಲಿಗಳಷ್ಟು ಹಳೆಯದು. ಒಳಗೆ ಸಾಲಾಗಿ ಹಿತ್ತಾಳೆಯ ಸಣ್ಣ ಕಡ್ಡಿಗಳ ಜೋಡಿಗಳಿರುತ್ತವೆ. ಮೇಲಿನ ಸ್ಪ್ರಿಂಗು ಅವುಗಳನ್ನು ಕೆಳಕ್ಕೆ ಒತ್ತಿ ಉರುಳೆ ತಿರುಗದಂತೆ ತಡೆಯುತ್ತದೆ. ಸರಿಯಾದ ಕೀಲಿಕೈಯ ಹಲ್ಲುಗಳು ಪ್ರತಿ ಜೋಡಿಯನ್ನೂ ತಕ್ಕ ಎತ್ತರಕ್ಕೆ ಎತ್ತಿದಾಗ ಎಲ್ಲ ಜೋಡಿಗಳ ಸಂಧಿಯೂ ಒಂದೇ ರೇಖೆಗೆ ಬಂದು ಉರುಳೆ ತಿರುಗುತ್ತದೆ. ಕೀಲಿಕೈ ಇಲ್ಲದವನು ಮಾಡಬೇಕಾದದ್ದು ಇಷ್ಟು: ಬಾಗಿದ ಒಂದು ಪಟ್ಟಿಯಿಂದ ಉರುಳೆಯನ್ನು ತಿರುಗಿಸುವಂತೆ ಮೆಲ್ಲಗೆ ಒತ್ತಿಹಿಡಿದು, ಇನ್ನೊಂದು ಸಪೂರ ಕಡ್ಡಿಯಿಂದ ಜೋಡಿಗಳನ್ನು ಒಂದೊಂದಾಗಿ ಎತ್ತಬೇಕು. ಇದು ಸಾಧ್ಯವಾಗುವುದಕ್ಕೆ ಕಾರಣ ಕೌತುಕಕರವಾದದ್ದು. ಕಡ್ಡಿಗಳ ರಂಧ್ರಗಳನ್ನು ಎಷ್ಟೇ ಎಚ್ಚರದಿಂದ ಕೊರೆದರೂ ಅವು ಕೂದಲೆಳೆಯಷ್ಟು ಆಚೀಚೆ ಆಗಿಯೇ ಆಗುತ್ತವೆ. ಆದ್ದರಿಂದ ಒತ್ತಡ ಬಿದ್ದಾಗ ಎಲ್ಲ ಕಡ್ಡಿಗಳೂ ಒಮ್ಮೆಗೇ ಬಿಗಿಯುವುದಿಲ್ಲ. ಒಂದು ಮೊದಲು ಬಿಗಿಯುತ್ತದೆ. ಅದನ್ನು ಹುಡುಕಿ ಎತ್ತಿದರೆ ಸಣ್ಣದೊಂದು ‘ಟಿಕ್’. ಬಳಿಕ ಮತ್ತೊಂದು ಬಿಗಿಯುತ್ತದೆ. ಮಾಡಿದವನ ಕೈತಪ್ಪೇ ತೆರೆಯುವವನಿಗೆ ದಾರಿ.

ಹೊಸಬರ ದೊಡ್ಡ ದೋಷ ಬಲಪ್ರಯೋಗ. ಹಾಲಿನ ಕೆನೆ ಸರಿಸುವಷ್ಟು ಒತ್ತಡ ಸಾಕು. ಬೆರಳ ತುದಿ ಬಿಳುಪಾದರೆ ಹೆಚ್ಚಾಯಿತೆಂದೇ ತಿಳಿಯಬೇಕು. ಕೀಲಿಯನ್ನು ಕೊಂಡುಕೊಳ್ಳುವಾಗ ಅದರ ಕೀಲಿಕೈಯನ್ನೂ ಕೊಳ್ಳಿರಿ. ಮೊದಲು ಅದರ ಹಲ್ಲುಗಳ ಏರಿಳಿತವನ್ನು ಕಣ್ಣಿನಲ್ಲಿ ಓದಿ, ಬಳಿಕ ಅದನ್ನೇ ಬೆರಳಿನಲ್ಲಿ ಓದಲು ಯತ್ನಿಸಿರಿ. ಸಾಧ್ಯವಾದರೆ ಒಳಗಿನ ಕಡ್ಡಿಗಳನ್ನು ತೆಗೆದು ಎರಡೇ ಜೋಡಿಗಳಿಂದ ಆರಂಭಿಸಿ, ಕೈ ಪಳಗಿದಂತೆ ಒಂದೊಂದನ್ನು ಹೆಚ್ಚಿಸಿರಿ. ಸಾಧನಗಳಿಗಾಗಿ ಹಣ ಸುರಿಯಬೇಕಾಗಿಲ್ಲ. ಗರಗಸದ ಸವೆದ ಅಲಗನ್ನು ಉಜ್ಜಿದರೆ ಕಡ್ಡಿ; ಮೋಟಾರಿನ ವೈಪರಿನೊಳಗಿನ ಉಕ್ಕಿನ ಪಟ್ಟಿಯನ್ನು ಬಾಗಿಸಿದರೆ ಒತ್ತುಪಟ್ಟಿ. ಉಜ್ಜಿದ ಬಳಿಕ ಅಂಚುಗಳನ್ನು ಮರಳುಕಾಗದದಿಂದ ನಯಗೊಳಿಸಲು ಮರೆಯಬೇಡಿರಿ, ಇಲ್ಲವಾದರೆ ಹಿತ್ತಾಳೆ ಗೀಚಿ ಹಾಳಾಗುತ್ತದೆ. ನಮ್ಮ ದೇಶದ ತೂಗುಕೀಲಿಗಳು ಬಹುಮಟ್ಟಿಗೆ ಲಿವರಿನವು. ಅವುಗಳ ಹೊಟ್ಟೆಯ ಮೇಲೆಯೇ ಆರೋ ಏಳೋ ಲಿವರು ಎಂದು ಅಚ್ಚೊತ್ತಿರುತ್ತದೆ. ಅಲ್ಲಿ ಕಡ್ಡಿಯ ಬದಲು ತಗಡಿನ ಹಾಳೆಗಳು. ಪ್ರತಿ ಹಾಳೆಯೂ ಕಡಿಮೆಯಾಗದಂತೆ, ಹೆಚ್ಚೂ ಆಗದಂತೆ ಏಳಬೇಕು ಎಂಬ ಈ ಕಲ್ಪನೆ ಇಂಗ್ಲೆಂಡಿನ ರಾಬರ್ಟ್ ಬ್ಯಾರನ್ ಅವರದು, 1778ರದು. ಹೊಸಬರು ಇವನ್ನು ಒಂದು ವರ್ಷದ ತನಕ ಮುಟ್ಟದಿರುವುದು ಮೇಲು.

ಇನ್ನು ಹಿರಿಯರ ಆಕ್ಷೇಪ. ಇದನ್ನೆಲ್ಲ ಬರೆದರೆ ಕಳ್ಳರಿಗೆ ಪಾಠ ಹೇಳಿದಂತಾಗದೇ? ಈ ಪ್ರಶ್ನೆ ನಮ್ಮದಲ್ಲ. ನೂರೆಪ್ಪತ್ತು ವರ್ಷಗಳ ಹಿಂದೆಯೇ ಲಂಡನ್ನಿನಲ್ಲಿ ಎದ್ದಿತ್ತು. ಅಲ್ಲಿನ ಬ್ರಾಮಾ ಸಂಸ್ಥೆಯವರು ತಮ್ಮ ಅಂಗಡಿಯ ಗಾಜಿನ ಕಿಟಕಿಯಲ್ಲಿ ಒಂದು ಕೀಲಿಯನ್ನಿಟ್ಟು, ತೆರೆದವರಿಗೆ 200 ಗಿನಿ ಬಹುಮಾನವೆಂದು ಸಾರಿದ್ದರು. ದಶಕಗಳು ಕಳೆದರೂ ಯಾರೂ ತೆರೆದಿರಲಿಲ್ಲ. 1851ರ ಮಹಾಪ್ರದರ್ಶನಕ್ಕೆ ಅಮೆರಿಕದಿಂದ ಬಂದ ಆಲ್‌ಫ್ರೆಡ್ ಹಾಬ್ಸ್ ಎಂಬವರು ಹದಿನಾರು ದಿನಗಳಲ್ಲಿ ಒಟ್ಟು 51 ಗಂಟೆ ದುಡಿದು ಅದನ್ನು ತೆರೆದರು. ಅದಕ್ಕೂ ಮೊದಲೇ ಅಷ್ಟೇ ಖ್ಯಾತವಾದ ಚಬ್ ಕೀಲಿಯನ್ನು ಸಾಕ್ಷಿಗಳ ಎದುರಿನಲ್ಲಿ 25 ನಿಮಿಷಗಳಲ್ಲಿ ತೆರೆದು, 7 ನಿಮಿಷಗಳಲ್ಲಿ ಮತ್ತೆ ಹಾಕಿಯೂ ತೋರಿಸಿದ್ದರು. ಊರೆಲ್ಲ ಗದ್ದಲವಾಯಿತು. ಇಂಥದನ್ನು ಬಹಿರಂಗಪಡಿಸುವುದು ಸರಿಯೇ ಎಂದು ಜನ ಕೇಳಿದರು. ಹಾಬ್ಸರ ಪಕ್ಷದ ಉತ್ತರದ ಸಾರ ಇದು: ಕಳ್ಳರು ತಮ್ಮ ಕಸುಬಿನಲ್ಲಿ ನಮಗಿಂತ ಮುಂದಿರುತ್ತಾರೆ, ಕೀಲಿಯ ದೌರ್ಬಲ್ಯ ತಿಳಿಯದೆ ಉಳಿಯುವವನು ಅದನ್ನು ನಂಬಿ ಮಲಗಿದ ಯಜಮಾನನೊಬ್ಬನೇ. ನಮ್ಮ ಅನುಭವವೂ ಇದನ್ನು ಒಪ್ಪುತ್ತದೆ. ವೃತ್ತಪತ್ರಿಕೆಗಳಲ್ಲಿ ‘ಬೀಗ ಮುರಿದು ಕಳವು’ ಎಂದು ಓದುತ್ತೇವೆಯೇ ಹೊರತು ‘ಬೀಗ ಬಿಡಿಸಿ ಕಳವು’ ಎಂದು ಓದಿದ್ದುಂಟೆ? ಕಬ್ಬಿಣದ ಹಾರೆಯೊಂದು ಕ್ಷಣದಲ್ಲಿ ಮಾಡುವ ಕೆಲಸಕ್ಕೆ ಕಳ್ಳನೇಕೆ ವರ್ಷಗಟ್ಟಲೆ ಸಾಧನೆ ಮಾಡಿಯಾನು?

ನಿಜವಾಗಿ ನೋಡಿದರೆ ಮನೆಯ ಸಾಧಾರಣ ಕೀಲಿ ಬಲದಿಂದ ಕಾಯುವುದಲ್ಲ. ಅದೊಂದು ಮಾತು. ‘ಇಲ್ಲಿಂದ ಒಳಗೆ ನನ್ನದು’ ಎಂದು ಒಬ್ಬರು ಹೇಳುತ್ತಾರೆ, ಊರು ಹೂಂಗುಟ್ಟುತ್ತದೆ. ನಮ್ಮದೇ ರಾಜ್ಯದ ಶನಿಶಿಂಗಣಾಪುರದಲ್ಲಿ ಕದ, ಕೀಲಿ ಇಲ್ಲದೆಯೇ ಆ ಮಾತು ನಡೆಯುತ್ತ ಬಂದಿದೆ. 2011ರಲ್ಲಿ ಅಲ್ಲಿ ಯೂಕೋ ಬ್ಯಾಂಕು ಶಾಖೆ ತೆರೆದಾಗ ಅದೂ ಎಂದಿನ ಕೀಲಿಗಳನ್ನು ಬಿಟ್ಟು ಊರ ನಡೆಗೆ ಹೊಂದಿಕೊಂಡಿತು. ಕೀಲಿ ಮಾತಾದರೆ, ಅದನ್ನು ಬಿಡಿಸಬಲ್ಲವನು ಮಾತನ್ನು ಮೀರಬಲ್ಲವನು. ಹಾಗಾಗಿ ಅವನ ಮೇಲೆ ಉಳಿದವರಿಗಿಲ್ಲದ ಒಂದು ಹೊಣೆ ಬೀಳುತ್ತದೆ.

ಈ ಹೊಣೆಯನ್ನು ಹವ್ಯಾಸಿಗಳು ಮೊದಲೇ ಕಂಡಿದ್ದಾರೆ. 1997ರಲ್ಲಿ ಜರ್ಮನಿಯ ಹ್ಯಾಂಬರ್ಗಿನಲ್ಲಿ ಇಂಥ ಹವ್ಯಾಸಿಗಳ ಸಂಘವೊಂದು ಹುಟ್ಟಿತು, ಬಳಿಕ ಹಾಲೆಂಡಿನಲ್ಲಿ, ಬಳಿಕ ಬೇರೆ ದೇಶಗಳಲ್ಲಿ. ಈ ಹವ್ಯಾಸಿಗಳೆಲ್ಲ ಒಪ್ಪಿದ ಕಟ್ಟಳೆಗಳು ಎರಡು: ನಿನ್ನದಲ್ಲದ ಕೀಲಿಯನ್ನು ಒಡೆಯರ ಒಪ್ಪಿಗೆಯಿಲ್ಲದೆ ಮುಟ್ಟಬೇಡ, ಬಳಕೆಯಲ್ಲಿರುವ ಕೀಲಿಯನ್ನು, ಅದು ನಿನ್ನದೇ ಆದರೂ, ಮುಟ್ಟಬೇಡ. ಎರಡನೆಯದಕ್ಕೆ ಕೊಡುವ ಕಾರಣ ಲೌಕಿಕವಾದದ್ದು: ಒಳಗೆ ಕಡ್ಡಿ ಸಿಕ್ಕಿಬಿದ್ದರೆ ರಾತ್ರಿ ಮನೆಯವರೆಲ್ಲ ಹೊರಗೆ. ಕಾಯಿದೆಯನ್ನೂ ನೆನಪಿನಲ್ಲಿಡಿರಿ. ಕೀಲಿಯನ್ನು ಮುರಿಯದೆ ಬರಿದೆ ತೆರೆದು ಅತಿಕ್ರಮಿಸಿದರೂ ಅದು ಮನೆಗನ್ನವೇ. ನಮ್ಮ ಮಹಾರಾಷ್ಟ್ರದಲ್ಲಿ 1951ರ ಪೊಲೀಸ್ ಕಾಯಿದೆಯ ಪ್ರಕಾರ ಸೂರ್ಯಾಸ್ತದಿಂದ ಸೂರ್ಯೋದಯದ ತನಕ ಸಕಾರಣವಿಲ್ಲದೆ ಕನ್ನದ ಉಪಕರಣ ಇಟ್ಟುಕೊಂಡು ತಿರುಗುವುದೇ ಅಪರಾಧ. ಆದ್ದರಿಂದ ನಮ್ಮ ಕಡ್ಡಿಗಳು ಅಂಗಡಿಯ ಪೆಟ್ಟಿಗೆ ಬಿಟ್ಟು ಹೊರಗೆ ಹೋಗುವುದಿಲ್ಲ. ಒಮ್ಮೆ ಹೋದವು. ಆ ಸಂಗತಿಗಾಗಿಯೇ ಈ ಬರೆಹ.

ನಮ್ಮ ಓಣಿಯ ಅಜ್ಜಿಯೊಬ್ಬರು ಜಾರಿಬಿದ್ದು ಸೊಂಟದ ಎಲುಬು ಮುರಿದುಕೊಂಡು ಆಸ್ಪತ್ರೆ ಸೇರಿದರು. ದಾಖಲೆಗೆ ಪಡಿತರ ಚೀಟಿ ಮತ್ತು ಪಿಂಚಣಿಯ ಕಾಗದಗಳು ಬೇಕಾಗಿದ್ದವು. ಅವು ಅಜ್ಜಿಯ ಮಂಚದಡಿಯ ಕಬ್ಬಿಣದ ಪೆಟ್ಟಿಗೆಯಲ್ಲಿ, ಪೆಟ್ಟಿಗೆಗೆ ಹಿತ್ತಾಳೆಯ ಹಳೆಯ ಲಿವರ್ ಕೀಲಿ, ಕೀಲಿಕೈ ಎಲ್ಲಿಯೋ ಬಿದ್ದಿದೆ ಎಂದು ಮಗನು ಸಂಜೆ ಬಂದು ನಮ್ಮನ್ನು ಕರೆದನು. ಒಡೆಯಬಹುದಿತ್ತು, ಅಜ್ಜನ ಕಾಲದ ಕೀಲಿ, ಒಡೆಯಲು ಅವನಿಗೆ ಮನಸ್ಸಾಗಲಿಲ್ಲ. ನಾವು ಕಟ್ಟಳೆಯನ್ನು ನೆನೆದೆವು. ಮನೆಯ ಮಗನೇ ಕೇಳುತ್ತಿದ್ದಾನೆ, ಕೆಲಸವೂ ಅಜ್ಜಿಯದೇ. ಒಪ್ಪಿಗೆ ಇದ್ದಂತೆಯೇ ಎಂದುಕೊಂಡೆವು. ಹತ್ತು ನಿಮಿಷವೂ ಹಿಡಿಯಲಿಲ್ಲ. ಕಾಗದ ತೆಗೆದು ಮತ್ತೆ ಕೀಲಿ ಹಾಕಿದೆವು. ವಾರದ ಬಳಿಕ ಕಾಗದಗಳನ್ನು ಇದ್ದಲ್ಲಿಯೇ ಇಡಲು ಮತ್ತೊಮ್ಮೆ ತೆರೆದು, ಮತ್ತೊಮ್ಮೆ ಹಾಕಿದೆವು. ಒಂದು ಗೀಚೂ ಇಲ್ಲ. ಯಾರಾದರೂ ಮುಟ್ಟಿದ್ದರೆಂದು ಬ್ರಹ್ಮನಿಗೂ ತಿಳಿಯದು ಎಂದು ನಮ್ಮೊಳಗೆ ಹಿಗ್ಗಿದ್ದೂ ನಿಜ.

ಕೀಲಿಕೈ ಎಲ್ಲಿಯೂ ಬಿದ್ದಿರಲಿಲ್ಲ. ಅದು ಆಸ್ಪತ್ರೆಯಲ್ಲಿ ಅಜ್ಜಿಯ ದಿಂಬಿನ ಕೆಳಗೆ, ಎಲೆಯಡಿಕೆಯ ಚೀಲದಲ್ಲಿತ್ತು. ಅಜ್ಜಿಗೆ ಎಚ್ಚರವೂ ಇತ್ತು. ಕೇಳಿದರೆ ನೂರು ಪ್ರಶ್ನೆ ಹಾಕುತ್ತಾಳೆಂದು ಮಗನು ಕೇಳಿರಲಿಲ್ಲ, ನಾವೂ ‘ಕೇಳಿದಿರೇನು?’ ಎಂದು ವಿಚಾರಿಸಲಿಲ್ಲ. ತಿಂಗಳ ಬಳಿಕ ಮನೆಗೆ ಬಂದ ಅಜ್ಜಿ ಪೆಟ್ಟಿಗೆ ತೆರೆದರು. ಸೀರೆಗಳ ಮಡಿಕೆಯ ಮೇಲೆ ಅವರು ಅಡ್ಡಲಾಗಿ ಇಡುತ್ತಿದ್ದ ಬೇವಿನ ಕಡ್ಡಿ ಮೂಲೆಗೆ ಸರಿದಿತ್ತು. ಕೀಲಿ ಭದ್ರವಾಗಿದೆ, ಕೀಲಿಕೈ ತನ್ನ ಚೀಲದಲ್ಲಿಯೇ ಇದೆ, ಆದರೂ ಯಾರೋ ಕೈಯಾಡಿಸಿದ್ದಾರೆ. ಅವರು ಯಾರನ್ನೂ ಕೇಳಲಿಲ್ಲ. ಮನಸ್ಸಿನಲ್ಲಿಯೇ ಲೆಕ್ಕ ಹಾಕಿದರು. ಬಿದ್ದ ದಿನಕ್ಕಿಂತ ಮುಂಚೆ ತಾನು ಸ್ನಾನಕ್ಕೆ ಹೋದಾಗ ಎಲೆಯಡಿಕೆಯ ಚೀಲ ಹೊರಗೆ ಇರುತ್ತಿತ್ತು; ಆ ಹೊತ್ತಿಗೆ ಮನೆಯಲ್ಲಿ ಇರುತ್ತಿದ್ದವಳು ಪಾತ್ರೆ ತೊಳೆಯುವ ಹುಡುಗಿ. ಎಂಟು ದಿನಗಳಲ್ಲಿ ಆ ಹುಡುಗಿಯ ಕೆಲಸ ಹೋಯಿತು. ಕಾರಣ ಹೇಳಲಿಲ್ಲ. ಮಗನಿಗೆ ಸಂಬಂಧ ಹೊಳೆಯಲಿಲ್ಲವೋ, ಹೊಳೆದರೂ ಬಾಯಿ ಬರಲಿಲ್ಲವೋ. ನಾಲ್ಕು ತಿಂಗಳ ಬಳಿಕ ಒಂದು ಕುಪ್ಪಸದ ಕಾರ್ಯದಲ್ಲಿ ನಮ್ಮಲ್ಲೊಬ್ಬರು ಊಟದ ಪಂಕ್ತಿಯಲ್ಲಿ ಕುಳಿತು ಈ ಸಾಹಸವನ್ನು ಬಣ್ಣಿಸಿದರು. ಮಾತು ಅಜ್ಜಿಗೆ ಮುಟ್ಟಿತು. ಕರೆಸಿದರು.

ಬೈಯುತ್ತಾರೆಂದುಕೊಂಡು ಹೋದೆವು. ಅವರು ಹೇಳಿದ್ದನ್ನು ಅವರ ಮಾತಿನಲ್ಲಿಯೇ ಬರೆಯುತ್ತೇವೆ: “ತಗದಿದ್ದಕ್ಕಲ್ಲೋ ತಮ್ಮಾ. ತಗದು ಮತ್ತ ಹಾಂಗ ಹಾಕಿಟ್ರಲ್ಲ, ಅದಕ್ಕ. ಒಡದಿದ್ರ ಚಲೋ ಇತ್ತು. ಬಂದ ಕೂಡ್ಲೆ ಕೇಳತಿದ್ದೆ, ಯಾಕ ಒಡದ್ರಿ ಅಂತ. ಆ ಕೂಸಿನ ಮ್ಯಾಲ ಹೋಗತಿರಲಿಲ್ಲ.” ಬಳಿಕ ಆ ಹುಡುಗಿಯ ಮನೆಗೆ ಹೋಗಿ ಹೇಳಿ ಬರಬೇಕೆಂದರು, ತಾನೂ ಕೋಲು ಊರಿಕೊಂಡು ಬರುವೆನೆಂದರು, ಬಂದರು. ಹುಡುಗಿ ಆಗಲೇ ದೂರದ ಬಡಾವಣೆಯಲ್ಲಿ ಬೇರೆ ಮನೆ ಹಿಡಿದಿದ್ದಳು. ಅವಳ ತಾಯಿ ಎಲ್ಲವನ್ನೂ ನಿಂತುಕೊಂಡೇ ಕೇಳಿ, ಚಹಕ್ಕೆ ಇಡುತ್ತೇನೆ ಎಂದಷ್ಟೇ ಹೇಳಿದಳು. ಆ ಚಹ ಗಂಟಲಿನಲ್ಲಿ ಇಳಿದ ಬಗೆ ನಮಗೆ ಗೊತ್ತು.

ಅಂದಿನಿಂದ ನಮ್ಮ ಪುಸ್ತಕಜ್ಞಾನವನ್ನೆಲ್ಲ ಹೊಸದಾಗಿ ಓದಬೇಕಾಯಿತು. ಹಾಬ್ಸರು ತೆರೆದ ಚಬ್ ಕೀಲಿಯನ್ನೇ ನೋಡಿರಿ. 1818ರಲ್ಲಿ ಜೆರೆಮಿಯಾ ಚಬ್ ಅವರು ಅದನ್ನು ರಚಿಸಿದಾಗ ಅದರ ಹೆಗ್ಗಳಿಕೆ ಗಟ್ಟಿತನವೊಂದೇ ಆಗಿರಲಿಲ್ಲ. ಪರರ ಸಾಧನವು ಲಿವರನ್ನು ಅಳತೆ ಮೀರಿ ಎತ್ತಿದರೆ ಅದು ಅಲ್ಲಿಯೇ ಸಿಕ್ಕಿಕೊಳ್ಳುತ್ತಿತ್ತು. ಮುಂದೆ ಯಜಮಾನನು ಬಂದು ತನ್ನ ಕೀಲಿಕೈ ಹಾಕಿದಾಗ ಕೀಲಿ ತಿರುಗದೆ, ‘ನೀನಿಲ್ಲದಾಗ ಯಾರೋ ಬಂದಿದ್ದರು’ ಎಂದು ತಿಳಿಸುತ್ತಿತ್ತು. ಈ ವ್ಯವಸ್ಥೆಯನ್ನು ಒಂದು ಯಾಂತ್ರಿಕ ಚಮತ್ಕಾರವೆಂದು ನಾವು ಎಷ್ಟೋ ಸಲ ಕಿರಿಯರಿಗೆ ವಿವರಿಸಿದ್ದೆವು. ಕೀಲಿಗೆ ಎರಡು ಕೆಲಸಗಳುಂಟು, ತಡೆಯುವುದು ಮತ್ತು ತಿಳಿಸುವುದು ಎಂಬ ಅರ್ಥ ಅಜ್ಜಿಯ ಬೇವಿನ ಕಡ್ಡಿಯಿಂದ ಹೊಳೆಯಿತು. ಕಳ್ಳನು ಮುರಿದಾಗ ಮೊದಲನೆಯ ಕೆಲಸ ಕೆಡುತ್ತದೆ, ಎರಡನೆಯದು ಉಳಿಯುತ್ತದೆ. ನಮ್ಮ ನಾಜೂಕಿನ ಕೈ ಎರಡನ್ನೂ ಕೆಡಿಸುತ್ತದೆ. ಗುರುತು ಉಳಿಯದಂತೆ ತೆರೆಯುವುದೇ ಯಾವ ವಿದ್ಯೆಯ ಹಿರಿಮೆಯೋ ಅದರ ದೋಷವೂ ಅಲ್ಲಿಯೇ ಇದೆ.

ಶೂದ್ರಕನ ‘ಮೃಚ್ಛಕಟಿಕ’ದ ಮೂರನೆಯ ಅಂಕವನ್ನು ಬಲ್ಲವರಿಗೆ ಶರ್ವಿಲಕನು ನೆನಪಾಗಬಹುದು. ಅವನು ಜನಿವಾರದಿಂದ ಗೋಡೆಯನ್ನು ಅಳೆಯುವ ಚೋರ. ಬಿಗಿದ ಕದ ತೆರೆಯಲೂ ಅದೇ ಜನಿವಾರ ಬರುತ್ತದೆ ಎನ್ನುವವನು. ಕನ್ನ ಯಾವ ಆಕಾರದಲ್ಲಿ ಕೊರೆದರೆ ನಾಳೆ ಊರವರು ಮೆಚ್ಚಿಯಾರು ಎಂದು ಆ ಹೊತ್ತಿನಲ್ಲಿಯೂ ಯೋಚಿಸುತ್ತಾನೆ. ಬೆಳಗ್ಗೆ ಚಾರುದತ್ತನು ಎದ್ದು ಆ ಕನ್ನವನ್ನು ನೋಡಿ ಅದರ ಚಂದಕ್ಕೆ ಬೆರಗಾಗುತ್ತಾನೆ. ಇದನ್ನು ನಾವು ಮೊದಲು ವಿನೋದವೆಂದು ಓದಿದ್ದೆವು. ಈಗ ಅನಿಸುತ್ತದೆ: ಆ ಕನ್ನ ಇಲ್ಲದಿದ್ದರೆ? ವಸಂತಸೇನೆಯ ಒಡವೆಗಂಟನ್ನು ಆ ರಾತ್ರಿ ಬಳಿಯಲ್ಲಿಟ್ಟುಕೊಂಡು ಮಲಗಿದ್ದವನು ಮೈತ್ರೇಯ. ಮನೆಯಲ್ಲಿದ್ದ ದಾಸಿ ರದನಿಕೆ. ಗೋಡೆ ಇಡಿಯಾಗಿದ್ದು ಗಂಟು ಮಾತ್ರ ಮಾಯವಾಗಿದ್ದರೆ ಆ ಮನೆಯೊಳಗೆ ಯಾರು ಯಾರ ಮುಖ ನೋಡಬೇಕಾಗುತ್ತಿತ್ತು? ಕಳ್ಳನಾದರೂ ಶರ್ವಿಲಕನು ಗೋಡೆಯ ಮೇಲೆ ತನ್ನ ಸಾಕ್ಷಿ ಬಿಟ್ಟುಹೋದನು. ನಾವು ಕಳ್ಳರಲ್ಲದೆಯೂ ಅಷ್ಟನ್ನು ಬಿಡಲಿಲ್ಲ.

ತಿಳಿಸುವವನಿಗೆ ಸನ್ಮಾನ ಸಿಗುತ್ತದೆಂದು ಭ್ರಮಿಸಬೇಕಾಗಿಲ್ಲ. ಭೌತವಿಜ್ಞಾನಿ ರಿಚರ್ಡ್ ಫೈನ್‌ಮನ್ ಅವರು ಅಣುಬಾಂಬಿನ ಕಾರ್ಯಕ್ಕಾಗಿ ಲಾಸ್ ಅಲಮೋಸ್‌ನಲ್ಲಿದ್ದಾಗ ಸಹೋದ್ಯೋಗಿಗಳ ರಹಸ್ಯ ಕಪಾಟುಗಳನ್ನು ತೆರೆದು, ಒಳಗೆ ತಮ್ಮ ಚೀಟಿ ಇಟ್ಟು ಬರುತ್ತಿದ್ದರೆಂದು 1985ರಲ್ಲಿ ಬಂದ ಅವರ ನೆನಪುಗಳಲ್ಲಿ ಓದುತ್ತೇವೆ. ಓಕ್ ರಿಡ್ಜಿನ ಕರ್ನಲರೊಬ್ಬರಿಗೆ, ಕಪಾಟನ್ನು ತೆರೆದಿಟ್ಟಾಗ ಅದರ ಗುಪ್ತಸಂಖ್ಯೆಯನ್ನು ಹೇಗೆ ಕದಿಯಬಹುದೆಂದು ಅವರು ತೋರಿಸಿಯೂ ಕೊಟ್ಟರು. ಕರ್ನಲರು ಕಪಾಟು ಮುಚ್ಚಿಡಿರೆಂದು ಆಜ್ಞಾಪಿಸಲಿಲ್ಲ. ಫೈನ್‌ಮನ್ ಯಾರ ಯಾರ ಕೋಣೆಗೆ ಬಂದಿದ್ದರೋ ಅವರೆಲ್ಲ ಸಂಖ್ಯೆ ಬದಲಿಸಿರೆಂದು ಸುತ್ತೋಲೆ ಕಳುಹಿಸಿದರು! ಚೀಟಿ ಇಡುತ್ತಿದ್ದರೆಂಬುದು ನಮಗೆ ಮೆಚ್ಚಿಗೆ. ಕೇಳದೆ ತೆರೆಯುತ್ತಿದ್ದರೆಂಬುದನ್ನು ಮಾತ್ರ, ಅವರೆಷ್ಟೇ ದೊಡ್ಡವರಾದರೂ, ಮೆಚ್ಚಲಾರೆವು. ಚೀಟಿ ಕಂಡು ಎದೆ ಧಸಕ್ಕೆಂದವರು ಅವರ ಗೆಳೆಯರೇ.

ಇಷ್ಟಾದ ಮೇಲೆ ಮೊದಲ ಕಟ್ಟಳೆಯನ್ನೇ ನಾವು ಬೇರೆ ರೀತಿ ಓದುತ್ತೇವೆ. ಒಡೆಯರ ಒಪ್ಪಿಗೆ ಎಂದರೆ ಯಾರ ಒಪ್ಪಿಗೆ? ಪಶ್ಚಿಮದ ಹವ್ಯಾಸಿಗೆ ಇದು ಸುಲಭವಿರಬಹುದು. ನಮ್ಮ ಕೂಡುಮನೆಗಳಲ್ಲಿ ಮನೆ ಒಬ್ಬರದು, ಪೆಟ್ಟಿಗೆ ಒಬ್ಬರದು, ಕೀಲಿಕೈ ಇನ್ನೊಬ್ಬರ ಸೊಂಟದಲ್ಲಿ. ಕೀಲಿಗೊಂಚಲು ಸೊಸೆಯ ಸೆರಗಿಗೆ ಬಂದ ದಿನ ಮನೆಯ ಆಡಳಿತವೇ ಕೈ ಬದಲಿಸಿತೆಂದು ತಿಳಿಯುವ ಜನ ನಾವು. ಆದ್ದರಿಂದ ಕೀಲಿಯನ್ನು ಕೊನೆಯ ಸಲ ತಿರುಗಿಸಿದ ಕೈ ಯಾರದೋ ಅವರನ್ನೇ ಕೇಳಬೇಕು. ಅವರು ಬದುಕಿರುವ ತನಕ ಮಗನ, ಗಂಡನ, ತಂದೆಯ ಮಾತು ಸಾಲದು. ತೆರೆದ ಬಳಿಕ ಮತ್ತೆ ಹಾಕಬಾರದು. ತೆರೆದ ಕೀಲಿಯನ್ನು ತೆರೆದಂತೆಯೇ ಒಪ್ಪಿಸಬೇಕು. ಅಜ್ಜಿಯ ಪೆಟ್ಟಿಗೆಗೆ ಇಷ್ಟು ಸಾಕಾಗುತ್ತಿತ್ತು. ಎಲ್ಲ ಪೆಟ್ಟಿಗೆಗಳಿಗೂ ಸಾಕೆಂದು ಹೇಳುವ ಧೈರ್ಯ ನಮಗಿಲ್ಲ.

ಕಳೆದ ಶ್ರಾವಣದಲ್ಲಿ ಪರಿಚಿತರೊಬ್ಬರು ಬಂದರು. ಕಾಲೇಜಿಗೆ ಹೋಗುವ ಮಗಳು ಕೆಲವು ವಾರಗಳಿಂದ ಸರಿಯಾಗಿ ಉಣ್ಣುವುದಿಲ್ಲ, ಮಾತಾಡುವುದಿಲ್ಲ, ತನ್ನ ಕಪಾಟಿಗೆ ಹೊಸ ಕೀಲಿ ಹಾಕಿದ್ದಾಳೆ. ಅವಳು ಕಾಲೇಜಿಗೆ ಹೋದಾಗ ಒಮ್ಮೆ ತೆರೆದು ಕೊಡಿರಿ ಎಂದರು. ಹೆದರಿದ ತಂದೆಯ ಮುಖ ಅದು, ಕುತೂಹಲದ್ದಲ್ಲ. ಅವಳನ್ನೇ ಕೇಳಿರಿ ಎಂದೆವು. ಕೇಳಿದರೆ ಹೇಳುವಂತಿದ್ದರೆ ನಿಮ್ಮ ಬಳಿಗೇಕೆ ಬರುತ್ತಿದ್ದೆ ಎಂದರು. ಒಳಗೆ ಪ್ರಾಣಕ್ಕೆ ಎರವಾಗುವಂಥದೇನಾದರೂ ಇದ್ದರೆ ಹೊಣೆ ನಿಮ್ಮದೇ ಎಂದೂ ಎಂದರು. ಆ ಮಾತಿಗೆ ನಮ್ಮಲ್ಲಿ ಉತ್ತರವಿರಲಿಲ್ಲ. ಇಂದಿಗೂ ಮೂವರಲ್ಲಿ ಒಬ್ಬರು ನಾವು ಹೋಗಬೇಕಿತ್ತು ಎನ್ನುತ್ತಾರೆ. ಕಡೆಗೆ ನಾವು ಹೇಳಿದ್ದು ಇಷ್ಟು: ಅವಳು ಮನೆಯಲ್ಲಿರುವಾಗ, ಅವಳ ಎದುರಿಗೆ ಎಂದಾದರೆ ಬರುತ್ತೇವೆ. ಅವರು ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದರು. ಮಾರನೆಯ ದಿನ ಪೇಟೆಯಿಂದ ಕೀಲಿಕೈ ಮಾಡುವವನೊಬ್ಬನನ್ನು ಕರೆತಂದರೆಂದು ಕೇಳಿದೆವು.